ಬಿಲ್ಲಿನ ಚಿಂತೆಯೋ, ಕತ್ತಲೆಯ ಚಿಂತೆಯೋ? ಹಾಸನ–ಚಿಕ್ಕಮಗಳೂರಿನ ಮನೆಗಳಿಗೆ ಸೋಲಾರ್, ಹಳ್ಳದ ಕರೆಂಟ್, ಗೋಬರ್ ಗ್ಯಾಸ್ ಹೋಲಿಕೆ

ಅರಸೀಕೆರೆಯ ತಾರಸಿ ಮನೆಯ ಮೇಲೆ ಚೆನ್ನಾಗಿ ನಡೆಯುವ ಸೋಲಾರ್ ಸೆಟ್ಟನ್ನೇ ತಂದು ಶೃಂಗೇರಿಯ ಹೆಂಚಿನ ಮನೆಗೆ ಕೂರಿಸಿ ನೋಡಿ. ಆಷಾಢದ ಜಡಿಮಳೆಯಲ್ಲಿ ಅದು ಕಾಲುಭಾಗ ಕೆಲಸ ಮಾಡಿದರೆ ಹೆಚ್ಚು. ಆದರೂ ಎರಡೂ ಮನೆಗೆ ಒಂದೇ ಥರದ ಕೊಟೇಶನ್ ಬರುತ್ತದೆ. ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ನಾಲ್ಕು ಯೂನಿಟ್ ಎಂಬ ಒಂದೇ ಲೆಕ್ಕ ಹೇಳುತ್ತಾರೆ. ಬಿಸಿಲಿನ ತಿಂಗಳಿಗೆ ಆ ಲೆಕ್ಕ ಸರಿ. ಮಲೆನಾಡಿನ ಮಳೆಗಾಲಕ್ಕೆ ಅದು ಹೊಂದುವುದಿಲ್ಲ.

ನಮ್ಮ ಎರಡೂ ಜಿಲ್ಲೆಗಳು ಹೀಗೆಯೇ ಇವೆ. ಹಾಸನದ ಒಂದು ತುದಿಯಲ್ಲಿ ಸಕಲೇಶಪುರದ ಘಾಟಿ, ಇನ್ನೊಂದು ತುದಿಯಲ್ಲಿ ಅರಸೀಕೆರೆಯ ತೆಂಗಿನ ಬಯಲು. ಚಿಕ್ಕಮಗಳೂರಿನ ಶೃಂಗೇರಿ, ಕೊಪ್ಪದ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿದರೆ, ಕಡೂರಿನಲ್ಲಿ ಅದರ ಕಾಲುಭಾಗದಷ್ಟೂ ಬೀಳುವುದಿಲ್ಲ. ಹಾಗಾಗಿ "ಯಾವುದು ಒಳ್ಳೇದು" ಎಂದು ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ನಿಮ್ಮ ಮನೆ ಎಲ್ಲಿದೆ, ನಿಮಗಿರುವ ತೊಂದರೆ ಏನು ಅನ್ನುವುದನ್ನು ಮೊದಲು ಹೇಳಿಕೊಳ್ಳಬೇಕು.

ತೊಂದರೆ ಎರಡು ಥರ. ಒಂದು, ಕರೆಂಟ್ ಬಿಲ್ಲು ಜಾಸ್ತಿ ಬರುತ್ತಿದೆ. ಇನ್ನೊಂದು, ಕರೆಂಟೇ ಇರುವುದಿಲ್ಲ. ಹಾಸನ, ಚನ್ನರಾಯಪಟ್ಟಣ, ತರೀಕೆರೆ ಪೇಟೆಯ ಮನೆಗಳಲ್ಲಿ ಹೆಚ್ಚಾಗಿ ಮೊದಲನೆಯದು. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಒಂಟಿಮನೆಗಳಲ್ಲಿ ಎರಡನೆಯದು. ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ಈ ಎರಡು ತೊಂದರೆಗೆ ಬೇಕಾದ ಯಂತ್ರಗಳು ಬೇರೆ ಬೇರೆ. ಬಿಲ್ಲು ಇಳಿಸುವ ಯಂತ್ರ ತಂದು ಕತ್ತಲೆಯಲ್ಲಿ ಕೂತವರನ್ನು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಲಕ್ಷಗಟ್ಟಲೆ ಖರ್ಚು ಮಾಡಿದ ಮೇಲೆ ಹಾಗಾಗಬಾರದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗೃಹಜ್ಯೋತಿ ಇರುವವರು ಮೊದಲು ಇದನ್ನು ನೋಡಿ

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಸೋಲಾರ್ ಲೆಕ್ಕವೇ ಬದಲಾಗಿದೆ. ತಿಂಗಳಿಗೆ 200 ಯೂನಿಟ್ ಒಳಗಿರುವ ಮನೆಗೆ, ಅದರ ಹಿಂದಿನ ಸರಾಸರಿಯ ಆಧಾರದ ಮೇಲೆ ನಿಗದಿಯಾದಷ್ಟು ಕರೆಂಟು ಉಚಿತ. 200 ದಾಟಿದರೆ ಅಷ್ಟೂ ಯೂನಿಟ್‌ಗೆ ದುಡ್ಡು ಕಟ್ಟಬೇಕು. ಹಾಗಾದರೆ ತಿಂಗಳಿಗೆ 100–120 ಯೂನಿಟ್ ಉರಿಸಿ ಸೊನ್ನೆ ಬಿಲ್ ಪಡೆಯುವ ಮನೆ, ಬಿಲ್ ಉಳಿಸುವುದಕ್ಕೆಂದು ತಾರಸಿ ಮೇಲೆ ಮೂರು ಕಿಲೋವ್ಯಾಟ್ ಹಾಕಿಸುವುದರಲ್ಲಿ ಅರ್ಥವಿಲ್ಲ. ಉಳಿಸಲು ಅಲ್ಲಿ ಬಿಲ್ಲೇ ಇಲ್ಲ, ಅಲ್ವಾ?

ತಿಂಗಳಿಗೆ 220, 240 ಯೂನಿಟ್ ಬರುವ ಮನೆಗಳ ವಿಷಯ ಇನ್ನೂ ಮುಖ್ಯ. ಇವರು ಗಡಿಯಿಂದ ಸ್ವಲ್ಪವೇ ಹೊರಗಿದ್ದಾರೆ. ಇಂಥ ಮನೆಯಲ್ಲಿ ಸಾಮಾನ್ಯವಾಗಿ ಗೀಸರೇ ಕರೆಂಟು ತಿನ್ನುತ್ತಿರುತ್ತದೆ. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಲು ಸುಮಾರು ಮೂರೂವರೆ ಯೂನಿಟ್ ಬೇಕು. ದಿನಾ ಕಾಯಿಸಿದರೆ ತಿಂಗಳಿಗೆ ನೂರು ಯೂನಿಟ್. ಅಂಥವರು ಪ್ಯಾನಲ್ ಬಿಟ್ಟು ಬರೀ ಸೋಲಾರ್ ವಾಟರ್ ಹೀಟರ್ ಹಾಕಿಸಿದರೂ ಬಿಸಿಲಿನ ತಿಂಗಳುಗಳಲ್ಲಿ 200ರ ಒಳಗೆ ಬಂದುಬಿಡುತ್ತಾರೆ. ಖರ್ಚು ಪ್ಯಾನಲ್ ಸೆಟ್ಟಿನ ಒಂದು ಸಣ್ಣ ಪಾಲು.

ತಿಂಗಳಿಗೆ 300 ಯೂನಿಟ್ ದಾಟುವವರಿಗೆ, ಎಸಿ ಅಥವಾ ಎಲೆಕ್ಟ್ರಿಕ್ ಸ್ಕೂಟರ್ ಇರುವವರಿಗೆ, ಮನೆಯ ಜೊತೆಗೇ ಅಂಗಡಿ, ಹಿಟ್ಟಿನ ಗಿರಣಿ ಇರುವವರಿಗೆ ತಾರಸಿ ಸೋಲಾರ್ ನಿಜಕ್ಕೂ ಲಾಭ. ಮೊದಲು ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ತೆಗೆದು ಯೂನಿಟ್ ಬರೆದುಕೊಳ್ಳಿ. ಅದಿಲ್ಲದೆ ಯಾವ ಮಾರಾಟಗಾರರ ಜೊತೆಗೂ ಮಾತಿಗೆ ಕೂರಬೇಡಿ.

ಆನ್‌ಗ್ರಿಡ್, ಆಫ್‌ಗ್ರಿಡ್, ಹೈಬ್ರಿಡ್

ಆನ್‌ಗ್ರಿಡ್ ಅಂದರೆ ಬ್ಯಾಟರಿ ಇಲ್ಲದ್ದು. ಹಗಲು ಹುಟ್ಟಿದ ಕರೆಂಟನ್ನು ಮನೆ ಬಳಸುತ್ತದೆ, ಮಿಕ್ಕಿದ್ದು ಲೈನಿಗೆ ಹೋಗುತ್ತದೆ. ಹೋದದ್ದು, ಬಂದದ್ದು ಎರಡನ್ನೂ ಒಂದೇ ಮೀಟರ್ ಲೆಕ್ಕ ಇಡುತ್ತದೆ. ಮೂರರಲ್ಲಿ ಅಗ್ಗವಾದದ್ದು ಇದೇ, ಕೆಡುವ ಭಾಗಗಳು ಕಡಿಮೆ ಇರುವುದೂ ಇದರಲ್ಲೇ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ ಸಬ್ಸಿಡಿ ಇದೆ. ಎಷ್ಟು ದೊಡ್ಡದು ಹಾಕಿಸಿದರೂ ಒಟ್ಟು 78,000ಕ್ಕೆ ನಿಲ್ಲುತ್ತದೆ. ಮೂರು ಕಿಲೋವ್ಯಾಟ್ ಸೆಟ್ಟಿಗೆ ಮಾರುಕಟ್ಟೆಯಲ್ಲಿ ಒಂದೂವರೆಯಿಂದ ಎರಡು ಲಕ್ಷದ ಆಸುಪಾಸು ಹೇಳುತ್ತಾರೆ. ಬಯಲುಸೀಮೆಯಲ್ಲಿ ಇದು ವರ್ಷಕ್ಕೆ ಸುಮಾರು 3,800 ಯೂನಿಟ್ ಕೊಡುತ್ತದೆ. ಯೂನಿಟ್‌ಗೆ ಆರು ರೂಪಾಯಿ ಅಂದುಕೊಂಡರೂ ವರ್ಷಕ್ಕೆ 22,000 ರೂಪಾಯಿ ಮೇಲೆ. ಅಷ್ಟೂ ಯೂನಿಟ್ ನಿಮ್ಮ ಮನೆಗೇ ಬೇಕಾಗುವುದಾದರೆ ನಾಲ್ಕೈದು ವರ್ಷಕ್ಕೆ ಹಾಕಿದ ದುಡ್ಡು ವಾಪಸು.

ಆದರೆ ಇದರಲ್ಲಿ ಒಂದು ವಿಷಯವನ್ನು ಮಾರುವವರು ಬಾಯಿಬಿಟ್ಟು ಹೇಳುವುದು ಕಡಿಮೆ. ಲೈನಿನಲ್ಲಿ ಕರೆಂಟ್ ಹೋದರೆ ಆನ್‌ಗ್ರಿಡ್ ಸೋಲಾರ್ ಕೂಡ ನಿಂತುಹೋಗುತ್ತದೆ. ಮಟಮಟ ಮಧ್ಯಾಹ್ನ, ತಲೆ ಮೇಲೆ ಬಿಸಿಲು ಸುಡುತ್ತಿದ್ದರೂ ಮನೆಯಲ್ಲಿ ಒಂದು ಬಲ್ಬ್ ಉರಿಯುವುದಿಲ್ಲ. ಇದು ಯಂತ್ರದ ದೋಷವಲ್ಲ, ಬೇಕೆಂದೇ ಹಾಗೆ ಮಾಡಿದ್ದಾರೆ. ಲೈನ್ ಆಫ್ ಮಾಡಿ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ಪ್ಯಾನಲ್‌ನಿಂದ ಕರೆಂಟ್ ಹರಿದು ಶಾಕ್ ಹೊಡೆಯಬಾರದು. ಅದಕ್ಕೇ ಪ್ಯಾನಲ್‌ನ ಕರೆಂಟನ್ನು ಮನೆಗೆ ಹೊಂದುವಂತೆ ಬದಲಿಸುವ ಇನ್ವರ್ಟರ್ ತಾನಾಗಿ ಬಂದ್ ಆಗುತ್ತದೆ. ದಿನಗಟ್ಟಲೆ ಕರೆಂಟ್ ಹೋಗುವ ಊರಿನಲ್ಲಿ ಆನ್‌ಗ್ರಿಡ್ ಮಾತ್ರ ಹಾಕಿಸಿದರೆ ಕತ್ತಲೆಯ ಕಷ್ಟ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಇದರ ಜೊತೆಗೆ ವೋಲ್ಟೇಜ್ ಗೋಳು ಬೇರೆ. ಟ್ರಾನ್ಸ್‌ಫಾರ್ಮರ್‌ನಿಂದ (ಟಿಸಿ) ದೂರ ಇರುವ, ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಒಮ್ಮೆ ಇಳಿಯುತ್ತದೆ, ಒಮ್ಮೆ ಏರುತ್ತದೆ. ಒಂದು ಮಿತಿ ಮೀರಿದರೆ ಆನ್‌ಗ್ರಿಡ್ ಇನ್ವರ್ಟರ್ ಲೈನ್ ಬಿಟ್ಟುಬಿಡುತ್ತದೆ. ಹಾಗಾಗಿ ತೋಟದ ಮನೆಯವರು ಆರ್ಡರ್ ಕೊಡುವ ಮೊದಲು ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ವೋಲ್ಟೇಜ್ ಎಷ್ಟಿದೆ ಎಂದು ಬರೆದಿಡುವುದು ಒಳ್ಳೆಯದು.

ಆಫ್‌ಗ್ರಿಡ್ ಪೂರ್ತಿ ಬ್ಯಾಟರಿಯ ಮೇಲೆ ನಡೆಯುತ್ತದೆ, ಸೂರ್ಯ ಘರ್ ಸಬ್ಸಿಡಿಗೆ ಬರುವುದಿಲ್ಲ. ಲೈನೇ ಇಲ್ಲದ ಮನೆಗೆ, ಕಾವಲು ಮನೆಗೆ, ತೋಟದ ಆಳುಗಳಿರುವ ಲೈನ್‌ಮನೆಯ ಎರಡು ಬಲ್ಬು ಒಂದು ಫ್ಯಾನಿಗೆ ಇದು ಸರಿ. ಸಣ್ಣ ಪ್ಯಾನಲ್, ಒಂದು ಬ್ಯಾಟರಿ, ಮೂರ್ನಾಲ್ಕು ದೀಪದ ಸೆಟ್ಟುಗಳು ಕರ್ನಾಟಕದ ಹಳ್ಳಿಗಳಿಗೆ ದಶಕಗಳಿಂದ ಪರಿಚಯ. 1995ರಲ್ಲಿ ಶುರುವಾದ ಸೆಲ್ಕೋದಿಂದ ಇಂಥ ದೀಪಗಳನ್ನು ಹಳ್ಳಿಮನೆಗಳಿಗೆ ಮುಟ್ಟಿಸಿದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಆದರೆ ಇಡೀ ಮನೆಯನ್ನು ಆಫ್‌ಗ್ರಿಡ್ ಮಾಡಲು ಹೋದರೆ ಬ್ಯಾಟರಿ ಖರ್ಚಿಗೆ ಕೊನೆಯಿಲ್ಲ.

ಹೈಬ್ರಿಡ್‌ನಲ್ಲಿ ಎರಡೂ ಇದೆ. ಲೈನಿಗೂ ಸೇರುತ್ತದೆ, ಬ್ಯಾಟರಿಯನ್ನೂ ತುಂಬುತ್ತದೆ. ಕರೆಂಟ್ ಹೋದಾಗ ಆಯ್ದ ಕೆಲವು ಬಲ್ಬು, ಪ್ಲಗ್‌ಗಳಿಗೆ ಬ್ಯಾಟರಿಯಿಂದ ಕೊಡುತ್ತದೆ. ಸಬ್ಸಿಡಿ ಪ್ಯಾನಲ್‌ನ ಕಿಲೋವ್ಯಾಟ್ ಲೆಕ್ಕಕ್ಕೆ ಸಿಗುತ್ತದೆಯೇ ಹೊರತು ಬ್ಯಾಟರಿಗೆ ಸಿಗುವುದಿಲ್ಲ. ಮಲೆನಾಡಿನ ಮನೆಗೆ ಸೋಲಾರ್ ಹಾಕಿಸುವುದೇ ಆದರೆ ಹೈಬ್ರಿಡ್ ಹಾಕಿಸಿ ಎಂದೇ ನಾನು ಹೇಳುವುದು. ಖರ್ಚು ಜಾಸ್ತಿ, ನಿಜ. ದುಡ್ಡು ಸಾಲದಿದ್ದರೆ ಪ್ಯಾನಲ್ ಒಂದು ಕಿಲೋವ್ಯಾಟ್ ಕಡಿಮೆ ಮಾಡಿ, ಬ್ಯಾಟರಿಯನ್ನು ಮಾತ್ರ ಬಿಡಬೇಡಿ.

ಬ್ಯಾಟರಿ ಎಷ್ಟು ದೊಡ್ಡದು ಬೇಕು? ಹೀಗೆ ಲೆಕ್ಕ ಹಾಕಿ. ಒಂಬತ್ತು ವ್ಯಾಟಿನ ಆರು ಎಲ್ಇಡಿ ಬಲ್ಬು ಐದು ಗಂಟೆ ಉರಿದರೆ ಕಾಲು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ವೈಫೈ ಡಬ್ಬಿ ದಿನಪೂರ್ತಿ ಕಾಲು ಯೂನಿಟ್. ಟಿವಿ ಮೂರು ಗಂಟೆ ಇನ್ನೊಂದು ಕಾಲು. ಫ್ರಿಜ್ ದಿನಕ್ಕೆ ಸುಮಾರು ಒಂದು ಯೂನಿಟ್. ಮಿಕ್ಸಿ, ಮೊಬೈಲ್ ಸೇರಿ ಒಟ್ಟು ಎರಡು ಯೂನಿಟ್ ಚಿಲ್ಲರೆ. 150 ಆಂಪಿಯರ್ ಅವರ್‌ನ ಒಂದು ಟ್ಯೂಬುಲರ್ ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ. ಆದರೆ ಅರ್ಧಕ್ಕಿಂತ ಜಾಸ್ತಿ ಹೀರಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಹಾಗಾಗಿ ಈ ಮನೆಗೆ ಅಂಥವು ಎರಡು ಸಾಲದು, ಮೂರು ಬೇಕು. 48 ವೋಲ್ಟಿನ 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ ಐದು ಯೂನಿಟ್ ಇರುತ್ತದೆ, ಅದರಲ್ಲಿ ನಾಲ್ಕನ್ನು ಧೈರ್ಯವಾಗಿ ಬಳಸಬಹುದು. ಟ್ಯೂಬುಲರ್ ನಾಲ್ಕೈದು ವರ್ಷ ಬರುತ್ತದೆ, ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು. ಲಿಥಿಯಂ ಐರನ್ ಫಾಸ್ಫೇಟ್ ಹತ್ತು ವರ್ಷದ ಹತ್ತಿರ ಬರುತ್ತದೆ, ನೀರಿನ ಗೊಡವೆ ಇಲ್ಲ. ವಯಸ್ಸಾದವರು ಮಾತ್ರ ಇರುವ ಮನೆಗೆ ಲಿಥಿಯಂ ಹಾಕಿಸುವುದೇ ಸರಿ. ಟ್ಯೂಬುಲರ್ ತಗೊಂಡರೆ ಸೋಲಾರ್‌ಗೆಂದೇ ಮಾಡಿದ ಸಿ-10 ಬ್ಯಾಟರಿ ಕೇಳಿ. ಮಾಮೂಲಿ ಇನ್ವರ್ಟರ್ ಬ್ಯಾಟರಿ ಬೇರೆ.

ಕಣದ ಬಿಸಿಲು, ಸಿಲ್ವರ್ ಓಕ್ ನೆರಳು

ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ನಾವಿರುವುದು 13 ಡಿಗ್ರಿ ಅಕ್ಷಾಂಶದ ಹತ್ತಿರ. ದಕ್ಷಿಣಕ್ಕೆ ಮುಖ ಮಾಡಿ ಹದಿಮೂರರಿಂದ ಹದಿನೈದು ಡಿಗ್ರಿ ಓರೆಯಾಗಿ ಕೂರಿಸಿದರೆ ಸಾಕು. ಪೇಟೆಯ ತಾರಸಿಯಲ್ಲಿ ಇದು ತಲೆನೋವಿನ ವಿಷಯವಲ್ಲ, ಪಕ್ಕದ ಮನೆಯವರು ಮುಂದೆ ಇನ್ನೊಂದು ಮಹಡಿ ಎತ್ತುತ್ತಾರಾ ಎಂದು ನೋಡಿಕೊಂಡರೆ ಆಯಿತು.

ತೋಟದ ಮನೆಯಲ್ಲಿ ಹಾಗಲ್ಲ. ಮಂಗಳೂರು ಹೆಂಚಿನ ಮೇಲೆ ಪ್ಯಾನಲ್ ಕೂರಿಸಲು ಹೆಂಚು ತೆಗೆದು ರೀಪಿಗೆ, ಪಕಾಸಿಗೆ ಕೊಕ್ಕೆ ಬಿಗಿಯಬೇಕು. ಹಳೆಯ ಮರ ಭಾರ ತಡೆಯುತ್ತದೋ ಇಲ್ಲವೋ ಎಂದು ಬಡಗಿಗೆ ತೋರಿಸಬೇಕು. ಮಳೆಗಾಲದಲ್ಲಿ ಸೋರಿದರೆ ಹತ್ತಿ ಸರಿಮಾಡುವವರು ಯಾರು? ಸಿಲ್ವರ್ ಓಕ್, ಅಡಿಕೆ, ತೆಂಗಿನ ನೆರಳು ಬೇರೆ. ಒಂದೇ ಸಾಲಿನಲ್ಲಿ ಜೋಡಿಸಿದ ಪ್ಯಾನಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಇಳಿಯುತ್ತದೆ.

ಕಾಫಿ ಬೆಳೆಗಾರರ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಬಿಸಿಲು ಬೀಳುವ ಜಾಗ ಯಾವುದು? ಕಣ. ಬಿಸಿಲಿಗೆಂದೇ ಹಿರಿಯರು ಆಯ್ದ ಜಾಗ ಅದು. ಕಣದ ಉತ್ತರದ ಅಂಚಿನಲ್ಲಿ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ ಪ್ಯಾನಲ್ ಕೂರಿಸಿದರೆ ಡಿಸೆಂಬರ್–ಜನವರಿಯಲ್ಲಿ ಹರಡಿದ ಕಾಫಿಯ ಮೇಲೆ ನೆರಳು ಬೀಳುವುದಿಲ್ಲ. ಸೂರ್ಯ ಆಗ ದಕ್ಷಿಣಕ್ಕೆ ವಾಲಿರುತ್ತಾನೆ, ಪ್ಯಾನಲ್‌ನ ನೆರಳು ಕಣದ ಆಚೆಗೆ ಬೀಳುತ್ತದೆ. ನೆಲದ ಹತ್ತಿರ ಇರುವುದರಿಂದ ತೊಳೆಯುವುದೂ ಸುಲಭ. ಮಲೆನಾಡಿನ ತೇವಕ್ಕೆ ಪ್ಯಾನಲ್‌ನ ಕೆಳಅಂಚಿನಲ್ಲಿ ಪಾಚಿ ಕಟ್ಟುತ್ತದೆ, ಮಳೆ ನಿಂತ ಕೂಡಲೇ ಒಮ್ಮೆ ಮೆತ್ತಗೆ ಉಜ್ಜಿ ತೊಳೆಯಬೇಕು. ಒಂದೇ ತೊಡಕೆಂದರೆ ಸೂರ್ಯ ಘರ್ ತಾರಸಿ, ಮಾಡುಗಳಿಗಾಗಿ ಇರುವ ಯೋಜನೆ. ನೆಲದ ಮೇಲೆ ಹಾಕಿಸುವವರು, ಅದಕ್ಕೆ ಸಬ್ಸಿಡಿ ಸಿಗುತ್ತದೋ ಇಲ್ಲವೋ ಎಂದು ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿನಲ್ಲಿ ಮೊದಲೇ ಕೇಳಿಕೊಂಡು ಮುಂದುವರಿಯಬೇಕು.

ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲು ನಮ್ಮ ಕಡೆ ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಸಿಡಿಲು ತಡೆಯುವ ಸಲಾಕೆ, ಪ್ರತ್ಯೇಕ ಅರ್ಥಿಂಗ್ ಗುಂಡಿಗಳು, ದಿಢೀರನೆ ಏರುವ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಇವನ್ನು ಕೊಟೇಶನ್‌ನಲ್ಲಿ ಬಿಟ್ಟು ರೇಟು ಇಳಿಸಿ ತೋರಿಸುವವರಿದ್ದಾರೆ. ಅಂಥ ಕಡಿಮೆ ರೇಟಿಗೆ ಮರುಳಾಗಬೇಡಿ.

ಮನೆ ಹತ್ತಿರ ಹಳ್ಳ ಹರಿಯುತ್ತಿದ್ದರೆ

ಮಲೆನಾಡಿನವರಿಗೆ ಮಾತ್ರ ಇರುವ ಭಾಗ್ಯ ಇದು, ನನಗೆ ತುಂಬ ಪ್ರಿಯವಾದದ್ದೂ ಇದೇ. ಸೂರ್ಯ ಮರೆಯಾಗುವ ತಿಂಗಳುಗಳಲ್ಲೇ ಹಳ್ಳ ತುಂಬಿ ಹರಿಯುತ್ತದೆ. ಗುಡ್ಡದ ಮೇಲಿನ ನೀರನ್ನು ಪೈಪಿನಲ್ಲಿ ಇಳಿಸಿ ಸಣ್ಣ ಟರ್ಬೈನ್ ತಿರುಗಿಸಿದರೆ ಮನೆಗೆ ಬೇಕಾದ ಕರೆಂಟ್ ಹುಟ್ಟುತ್ತದೆ. ಇದನ್ನು ಪಿಕೋ ಹೈಡ್ರೋ ಅನ್ನುತ್ತಾರೆ. ಪಶ್ಚಿಮ ಘಟ್ಟದ ಮಗ್ಗುಲಿನ ಅನೇಕ ಮನೆಗಳು ಲೈನ್ ಬರುವ ಮೊದಲಿನಿಂದಲೂ ಇದರ ಬೆಳಕಿನಲ್ಲಿವೆ.

ಲೆಕ್ಕ ಸುಲಭ. ನೀರು ಬೀಳುವ ಎತ್ತರವನ್ನು ಮೀಟರಿನಲ್ಲಿ, ಹರಿವನ್ನು ಸೆಕೆಂಡಿಗೆ ಲೀಟರಿನಲ್ಲಿ ಅಳೆಯಿರಿ. ಎರಡನ್ನೂ ಗುಣಿಸಿ, ಬಂದದ್ದನ್ನು ಐದರಿಂದ ಗುಣಿಸಿ. ಸಣ್ಣ ಯಂತ್ರದಲ್ಲಿ ಅರ್ಧದಷ್ಟು ಪೋಲಾಗುವುದನ್ನು ಸೇರಿಸಿಯೇ ಸಿಗುವ ವ್ಯಾಟ್ ಇದು. ಇಪ್ಪತ್ತು ಮೀಟರ್ ಎತ್ತರದಿಂದ ಸೆಕೆಂಡಿಗೆ ಹತ್ತು ಲೀಟರ್ ಬಂದರೆ ಒಂದು ಸಾವಿರ ವ್ಯಾಟ್, ಅಂದರೆ ಒಂದು ಕಿಲೋವ್ಯಾಟ್.

ಒಂದು ಕಿಲೋವ್ಯಾಟ್ ತಾನೇ ಎಂದು ಮೂಗು ಮುರಿಯಬೇಡಿ. ಹಳ್ಳ ರಾತ್ರಿಯೂ ಹರಿಯುತ್ತದೆ. 24 ಗಂಟೆಗೆ 24 ಯೂನಿಟ್. ಒಳ್ಳೆಯ ಬಿಸಿಲಿನಲ್ಲಿ ಐದು ಕಿಲೋವ್ಯಾಟ್ ಸೋಲಾರ್ ಕೂಡ ದಿನಕ್ಕೆ ಕೊಡುವುದು ಇಪ್ಪತ್ತು. ಬರೀ 300 ವ್ಯಾಟಿನ ಯಂತ್ರ ಕೂಡ ದಿನಕ್ಕೆ ಏಳು ಯೂನಿಟ್ ಕೊಡುತ್ತದೆ, ಅದೂ ಬ್ಯಾಟರಿ ಇಲ್ಲದೆ.

ಎತ್ತರ ಅಳೆಯಲು ಗಾರೆಯವರು ಮಟ್ಟ ನೋಡುವ ನೀರಿನ ಪೈಪು ಸಾಕು. ಹರಿವನ್ನು ಅಳೆಯಲು 200 ಲೀಟರಿನ ಡ್ರಮ್ ಇಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. ಇಪ್ಪತ್ತು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಹತ್ತು ಲೀಟರ್. ಇದನ್ನು ಪುನರ್ವಸು ಮಳೆಯಲ್ಲಿ ಅಳೆದು ಸಂಭ್ರಮಪಡುವುದು ಬೇಡ. ನವೆಂಬರಿನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ ಅಳೆಯಿರಿ. ಯಂತ್ರದ ಗಾತ್ರವನ್ನು ನವೆಂಬರಿನ ಹರಿವಿಗೆ ನಿಗದಿಮಾಡುವುದು ಜಾಣತನ. ಬೇಸಿಗೆಯಲ್ಲಿ ನಿಂತರೂ ಆಗ ಬಿಸಿಲಿರುತ್ತದೆ.

ಪೈಪಿನಲ್ಲಿ ಜಿಪುಣತನ ಮಾಡಬೇಡಿ. ಸೆಕೆಂಡಿಗೆ ಹತ್ತು ಲೀಟರ್ ಇಳಿಸಲು ನಾಲ್ಕು ಇಂಚಿನ ಪೈಪ್ ಬೇಕು. ಎರಡೂವರೆ ಇಂಚಿನದು ಹಾಕಿದರೆ, ಪೈಪಿನ ಉದ್ದ ಜಾಸ್ತಿ ಇದ್ದಷ್ಟೂ ಎತ್ತರದ ದೊಡ್ಡ ಪಾಲು ಉಜ್ಜಾಟದಲ್ಲೇ ಹೋಗುತ್ತದೆ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಕಾಡಾನೆ ದಾಟುವ ಜಾಗದಲ್ಲಿ ಪೈಪನ್ನು ಹೂಳಲೇಬೇಕು. ಮನೆಯ ಬಳಕೆ ಕಡಿಮೆಯಾದಾಗ ಟರ್ಬೈನ್ ಹುಚ್ಚಾಪಟ್ಟೆ ಓಡಿ ವೋಲ್ಟೇಜ್ ಏರದಂತೆ ತಡೆಯಲು ಲೋಡ್ ಕಂಟ್ರೋಲರ್ ಇರಬೇಕು. ಅದು ಮಿಕ್ಕ ಕರೆಂಟನ್ನು ಒಂದು ಹೀಟರ್ ಕಾಯಿಲ್‌ಗೆ ತಿರುಗಿಸುತ್ತದೆ. ಆ ಕಾಯಿಲನ್ನು ಬಚ್ಚಲಿನ ನೀರಿನ ಟ್ಯಾಂಕಿಗೆ ಇಳಿಸಿಕೊಂಡರೆ ಮಳೆಗಾಲಕ್ಕೆ ಪುಕ್ಕಟೆ ಬಿಸಿನೀರು.

ಕಷ್ಟ ಏನೆಂದರೆ ದುಡಿಮೆ. ಗಾಳಿಮಳೆಯಲ್ಲಿ ನೀರು ಎತ್ತುವ ಕಡೆಯ ಜಾಳಿಗೆಗೆ ಎಲೆ, ಕಡ್ಡಿ, ಮರಳು ಕಟ್ಟಿಕೊಳ್ಳುತ್ತದೆ. ಇಂಬಳ ಕಚ್ಚಿಸಿಕೊಂಡು ದಿನಾ ಹಳ್ಳಕ್ಕೆ ಹೋಗಿ ಬಿಡಿಸಬೇಕು. ಬೇರಿಂಗ್ ಸವೆಯುತ್ತದೆ. ಮನೆಯಲ್ಲಿ ಓಡಾಡುವ ಹುಡುಗರೋ ಆಳೋ ಇಲ್ಲದಿದ್ದರೆ ಇದು ಬೇಡ. ಕಾಡಿನೊಳಗಿಂದ ಪೈಪ್ ತರುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬಳಸಿದ ನೀರು ಪೂರ್ತಿ ಹಳ್ಳಕ್ಕೇ ವಾಪಸು ಸೇರುತ್ತದೆ, ಆದರೂ ಕೆಳಗಿನ ಗದ್ದೆಯವರಿಗೆ ಮೊದಲೇ ಒಂದು ಮಾತು ತಿಳಿಸಿ. ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ: ಹಳ್ಳದ ಕರೆಂಟನ್ನು ಮನೆಗೆ ಚೇಂಜ್‌ಓವರ್ ಸ್ವಿಚ್ (ಒಮ್ಮೆಗೆ ಒಂದೇ ಕಡೆಯ ಕರೆಂಟ್ ಬಿಡುವ ಸ್ವಿಚ್) ಮೂಲಕವೇ ಕೊಡಬೇಕು. ಯಾವ ಕಾರಣಕ್ಕೂ ಅದು ಸರ್ಕಾರಿ ಲೈನಿಗೆ ತಾಗಬಾರದು. ಮಳೆಯಲ್ಲಿ ನೆನೆಯುತ್ತಾ ಕಂಬ ಹತ್ತುವ ಲೈನ್‌ಮನ್ ಜೀವದ ವಿಷಯ ಅದು.

ಕೊಟ್ಟಿಗೆ ತುಂಬಿದ್ದರೆ

ನಾಲ್ಕೈದು ದನ ಇರುವ ಮನೆಯವರು ಸೋಲಾರ್ ಕೊಟೇಶನ್ ಹಿಡಿದು ಬಂದರೆ ನಾನು ಮೊದಲು ಕೇಳುವುದು ಗೋಬರ್ ಗ್ಯಾಸ್ ಇದೆಯಾ ಎಂದು. ಮನೆಯಲ್ಲಿ ಅತಿ ಹೆಚ್ಚು ಶಕ್ತಿ ಬೇಡುವುದು ಅಡುಗೆ ಮತ್ತು ಸ್ನಾನ. ಅಡುಗೆಗೆ ಸಗಣಿಯಷ್ಟು ಸುಲಭದ ದಾರಿ ಇನ್ನೊಂದಿಲ್ಲ.

ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಒಂದು ಬರ್ನರ್ ದಿನಕ್ಕೆ ನಾಲ್ಕು ಗಂಟೆ ಉರಿಯುವಷ್ಟು ಗ್ಯಾಸ್ ಬರುತ್ತದೆ, ನಾಲ್ಕೈದು ಜನರ ಅಡುಗೆ ಮುಗಿಯುತ್ತದೆ. ಎಚ್ಎಫ್ ಅಥವಾ ಜರ್ಸಿ ಆದರೆ ಮೂರ್ನಾಲ್ಕು ದನ ಸಾಕು. ಮಲೆನಾಡು ಗಿಡ್ಡ ಆದರೆ ಅಷ್ಟಕ್ಕೆ ಸಾಲದು, ಅದೂ ಹಗಲೆಲ್ಲ ಗುಡ್ಡದಲ್ಲಿ ಮೇಯುವ ದನವಾದರೆ ರಾತ್ರಿಯ ಸಗಣಿ ಮಾತ್ರ ಸಿಗುತ್ತದೆ.

ನೆಲದೊಳಗೆ ಇಟ್ಟಿಗೆ ಗುಮ್ಮಟ ಕಟ್ಟುವ ದೀನಬಂಧು ಮಾದರಿ ನಮ್ಮ ಹವೆಗೆ ಹೊಂದುತ್ತದೆ. ಮಣ್ಣಿನ ಬಿಸುಪು ಅದನ್ನು ಕಾಯುತ್ತದೆ. ಬ್ಯಾಕ್ಟೀರಿಯಾಗಳಿಗೆ 30–35 ಡಿಗ್ರಿ ಇಷ್ಟ. ಬಾಬಾಬುಡನ್‌ಗಿರಿ ತಪ್ಪಲಿನ ಊರುಗಳಲ್ಲಿ ಮಳೆಗಾಲ, ಚಳಿಗಾಲದಲ್ಲಿ ಗ್ಯಾಸ್ ಕಡಿಮೆಯಾಗುತ್ತದೆ, ಆಗ ಕಲಸುವುದಕ್ಕೆ ಉಗುರುಬೆಚ್ಚಗಿನ ನೀರು ಬಳಸಿದರೆ ಅನುಕೂಲ. ಮಲೆನಾಡಿನಲ್ಲಿ ಗುಂಡಿಯನ್ನು ತಗ್ಗಿನಲ್ಲಿ ತೋಡಬಾರದು. ಶ್ರಾವಣದ ಹೊತ್ತಿಗೆ ನೆಲದಿಂದ ಉಕ್ಕುವ ಜಲ ಗುಮ್ಮಟವನ್ನು ಬಿರುಕು ಬಿಡಿಸುತ್ತದೆ. ಬಲೂನ್ ಥರದ ರೆಡಿಮೇಡ್ ಚೀಲಗಳೂ ಸಿಗುತ್ತವೆ. ಒಂದೇ ದಿನದಲ್ಲಿ ಕೂರಿಸಬಹುದು, ಆದರೆ ಇಲಿ ಕಡಿತ, ಮುಳ್ಳು ಚುಚ್ಚುವುದು, ಹೊರಗಿನ ಚಳಿ ಮೂರನ್ನೂ ತಡೆಯಲಾರವು. ಬಯಲುಸೀಮೆಯ ಬಿಸಿಲಿಗೆ ಬೇಕಾದರೆ ಸರಿ.

ಹೊರಗೆ ಬರುವ ಬಗ್ಗಡವನ್ನು ಮರೆಯಬೇಡಿ. ಕಾಫಿ, ಅಡಿಕೆ, ಮೆಣಸಿಗೆ ಅದು ಒಳ್ಳೆಯ ಗೊಬ್ಬರ. ಗ್ಯಾಸ್‌ಗಿಂತ ಬಗ್ಗಡಕ್ಕೇ ಬೆಲೆ ಜಾಸ್ತಿ ಅನ್ನುವ ಬೆಳೆಗಾರರಿದ್ದಾರೆ, ಅವರ ಮಾತು ಸುಳ್ಳಲ್ಲ.

ಬಿಸಿನೀರು

ವಾಟರ್ ಹೀಟರ್‌ನಲ್ಲಿ ಎರಡು ಥರ. ಗಾಜಿನ ಕೊಳವೆಗಳ ಇಟಿಸಿ ಅಗ್ಗ, ಮೋಡದ ದಿನವೂ ಸ್ವಲ್ಪ ಮಟ್ಟಿಗೆ ಕಾಯುತ್ತದೆ. ತಾಮ್ರದ ಕೊಳವೆಯ ಎಫ್‌ಪಿಸಿ ತುಟ್ಟಿ, ಗಟ್ಟಿ, ಬಹಳ ವರ್ಷ ಬರುತ್ತದೆ. ಇಲ್ಲಿ ತೀರ್ಮಾನ ಮಾಡುವುದು ನಿಮ್ಮ ನೀರು. ಅರಸೀಕೆರೆ, ಕಡೂರು, ಚನ್ನರಾಯಪಟ್ಟಣದ ಬೋರ್‌ವೆಲ್ ನೀರು ಗಡಸು. ತಾಮ್ರದ ಸಣ್ಣ ಕೊಳವೆಗಳಲ್ಲಿ ಉಪ್ಪು ಕಟ್ಟಿ ಮುಚ್ಚಿಹೋಗುತ್ತದೆ. ಅಲ್ಲಿ ಇಟಿಸಿ ತಗೊಂಡು ವರ್ಷಕ್ಕೊಮ್ಮೆ ಕೊಳವೆ ಬಿಚ್ಚಿ ತೊಳೆಸಿ. ಎಫ್‌ಪಿಸಿಯೇ ಬೇಕೆಂದರೆ ಹೀಟ್ ಎಕ್ಸ್‌ಚೇಂಜರ್ ಇರುವುದನ್ನು ಕೇಳಿ. ಮಲೆನಾಡಿನ ಮೆದು ನೀರಿಗೆ ಈ ಚಿಂತೆ ಇಲ್ಲ, ಆದರೆ ಮಂಗಗಳ ಹಾವಳಿ ಇರುವ ಕಡೆ ಗಾಜಿನ ಕೊಳವೆಗೆ ಬಲೆ ಹೊದಿಸಬೇಕು.

ತೋಟದ ಮನೆಯವರಿಗೆ ಇದು ಬೇಕೇ ಬೇಕು ಎಂದೇನೂ ನಾನು ಹೇಳುವುದಿಲ್ಲ. ಕಾಫಿ ಗಿಡದ ಚಾಟಿ, ಮರಗಸಿಯ ಸೌದೆ, ಅಡಿಕೆ ಸಿಪ್ಪೆ ಮನೆಯಲ್ಲೇ ಬಿದ್ದಿರುವಾಗ ಬಚ್ಚಲ ಹಂಡೆಯೂ ನವೀಕರಿಸಬಹುದಾದ ಶಕ್ತಿಯೇ. ಒಲೆಯನ್ನು ಮಾತ್ರ ಸುಧಾರಿಸಿಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯಂಥ, ಚಿಮಣಿ ಇರುವ ಒಲೆ ಕಟ್ಟಿಸಿದರೆ ಸೌದೆ ಕಡಿಮೆ ಸಾಕು, ಹೆಂಗಸರ ಕಣ್ಣು, ಶ್ವಾಸಕೋಶಕ್ಕೆ ಹೊಗೆ ತಪ್ಪುತ್ತದೆ.

ಗಾಳಿಯಂತ್ರ ಬೇಡ

ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ದೊಡ್ಡ ಫ್ಯಾನುಗಳನ್ನು ನೋಡಿ ಮನೆಗೂ ಒಂದು ಹಾಕಿಸೋಣ ಅನ್ನುವವರಿದ್ದಾರೆ. ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಸಿಗುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಮನೆ ಮಾಡಿನ ಎತ್ತರದಲ್ಲಿ, ಮರಗಳ ನಡುವೆ, ಆ ವೇಗ ಸಿಗುವುದಿಲ್ಲ. ಅದೇ ದುಡ್ಡಿಗೆ ಎರಡು ಪ್ಯಾನಲ್ ಜಾಸ್ತಿ ಹಾಕಿಸಿ.

ಯಾವ ಮನೆಗೆ ಯಾವುದು

ಹಾಸನ ಪೇಟೆಯ ತಾರಸಿ ಮನೆ, ತಿಂಗಳಿಗೆ 350 ಯೂನಿಟ್, ಕರೆಂಟ್ ಅಷ್ಟಾಗಿ ಹೋಗುವುದಿಲ್ಲ: ಮೂರು ಕಿಲೋವ್ಯಾಟ್ ಆನ್‌ಗ್ರಿಡ್, ಜೊತೆಗೆ ವಾಟರ್ ಹೀಟರ್. ಮೊದಲು ಹೀಟರ್ ಹಾಕಿಸಿ ಎರಡು ತಿಂಗಳ ಬಿಲ್ ನೋಡಿದರೆ ಪ್ಯಾನಲ್ ಎರಡು ಕಿಲೋವ್ಯಾಟ್‌ಗೇ ಸಾಕಾಗಬಹುದು.

ಕಡೂರು, ಅರಸೀಕೆರೆ ಕಡೆಯ ಹಳ್ಳಿ ಮನೆ, ನಾಲ್ಕು ಹಸು, ಡೇರಿಗೆ ಹಾಲು ಹಾಕುವವರು, ಸೊನ್ನೆ ಬಿಲ್: ಗೋಬರ್ ಗ್ಯಾಸ್ ಮೊದಲು. ರಾತ್ರಿ ಕರೆಂಟ್ ಹೋಗುವ ತೊಂದರೆಗೆ ಒಂದು ಸಣ್ಣ ಆಫ್‌ಗ್ರಿಡ್ ದೀಪದ ಸೆಟ್. ಇಷ್ಟೇ ಸಾಕು.

ಬೇಲೂರು, ಆಲೂರು, ಚಿಕ್ಕಮಗಳೂರಿನ ಸುತ್ತಮುತ್ತ ಮಲೆನಾಡು–ಬಯಲು ಎರಡೂ ಸೇರುವ ಕಡೆ ಆಯ್ಕೆ ಸ್ವಲ್ಪ ಕಷ್ಟ. ಮಳೆ ಇದೆ, ಆದರೆ ಬಿಡುವು ಕೊಟ್ಟು ಬರುತ್ತದೆ. ಇಲ್ಲಿ ಎರಡು ಕಿಲೋವ್ಯಾಟ್ ಹೈಬ್ರಿಡ್, ಐದು ಯೂನಿಟ್ ಲಿಥಿಯಂ ಬ್ಯಾಟರಿ ಹೊಂದುತ್ತದೆ. ಸೀಲಿಂಗ್ ಫ್ಯಾನುಗಳನ್ನು 30 ವ್ಯಾಟಿನ, ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಿಕೊಂಡರೆ ಅದೇ ಬ್ಯಾಟರಿ ಇನ್ನಷ್ಟು ಹೊತ್ತು ಬರುತ್ತದೆ. ಹಳೇ ಫ್ಯಾನು 75 ವ್ಯಾಟ್ ತಿನ್ನುತ್ತದೆ.

ಕೊಪ್ಪ, ಶೃಂಗೇರಿ, ಮೂಡಿಗೆರೆಯ ಒಂಟಿಮನೆ, ಹಿಂದೆ ಗುಡ್ಡ, ಪಕ್ಕದಲ್ಲಿ ಹಳ್ಳ: ಜೂನ್‌ನಿಂದ ಡಿಸೆಂಬರ್‌ವರೆಗೆ ಪಿಕೋ ಹೈಡ್ರೋ, ಜನವರಿಯಿಂದ ಮೇವರೆಗೆ ಒಂದೆರಡು ಕಿಲೋವ್ಯಾಟ್ ಸೋಲಾರ್. ಎರಡೂ ಒಂದೇ ಮನೆಗೆ ಪಾಳಿ ಹಾಕಿಕೊಂಡು ದುಡಿಯುತ್ತವೆ. ಹಳ್ಳ ಇಲ್ಲದಿದ್ದರೆ ಹೈಬ್ರಿಡ್ ಸೋಲಾರ್. ಆದರೆ ಮಳೆಗಾಲದ ದಿನಕ್ಕೆ ಕಿಲೋವ್ಯಾಟ್‌ಗೆ ಒಂದು ಯೂನಿಟ್ ಎಂದೇ ಲೆಕ್ಕ ಹಿಡಿದು, ಅಷ್ಟರಲ್ಲಿ ನಡೆಯುವ ಬಲ್ಬು, ಫೋನು, ವೈಫೈ, ಫ್ರಿಜ್ ಮಾತ್ರ ಬ್ಯಾಟರಿಯ ಲೈನಿಗೆ ಹಾಕಿಸಿ.

ಕೊಟೇಶನ್ ಕೈಗೆ ಬಂದಾಗ

ಹಾಸನ ಜಿಲ್ಲೆಯವರು ಸೆಸ್ಕ್, ಚಿಕ್ಕಮಗಳೂರಿನವರು ಮೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಬೇಕು. ಸಬ್ಸಿಡಿಗೆ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಕರೆಂಟ್ ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ ಹಾಕಿ ಅರ್ಜಿ ಕೊಡಬೇಕು, ಅಲ್ಲಿ ನೋಂದಣಿಯಾದ ವೆಂಡರ್ ಕೈಯಲ್ಲೇ ಹಾಕಿಸಬೇಕು. ಮೀಟರ್ ಕೂರಿಸಿ ಪರಿಶೀಲನೆ ಮುಗಿದ ಮೇಲೆ ಹಣ ನೇರ ನಿಮ್ಮ ಖಾತೆಗೆ ಬರುತ್ತದೆ. ಆರ್.ಆರ್. ನಂಬರ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಹೆಸರು ಬದಲಾಯಿಸಿಕೊಳ್ಳಿ, ಅಲ್ಲಿಯೇ ಬಹಳ ಅರ್ಜಿಗಳು ನಿಲ್ಲುತ್ತವೆ. ಸಬ್ಸಿಡಿಗೆ ಭಾರತದಲ್ಲೇ ತಯಾರಾದ ಸೆಲ್‌ಗಳ ಡಿಸಿಆರ್ ಪ್ಯಾನಲ್ ಆಗಿರಬೇಕು. ರೇಟು ವಿಪರೀತ ಕಡಿಮೆ ಕಂಡರೆ ಇದನ್ನೇ ಮೊದಲು ಕೇಳಿ.

ಪ್ಯಾನಲ್‌ಗೆ 25 ವರ್ಷದ ಉತ್ಪಾದನಾ ವಾರಂಟಿ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಕೆಡುವುದು ಸಾಮಾನ್ಯವಾಗಿ ಇನ್ವರ್ಟರ್ ಮತ್ತು ಬ್ಯಾಟರಿ. ಅವೆರಡರ ವಾರಂಟಿ ಎಷ್ಟು ವರ್ಷ, ಕೆಟ್ಟರೆ ಬಿಚ್ಚಿ ನೀವೇ ಪೇಟೆಗೆ ಒಯ್ಯಬೇಕೋ ಅವರೇ ಮನೆಗೆ ಬರುತ್ತಾರೋ ಬರೆಸಿಕೊಳ್ಳಿ. ಸೂರ್ಯ ಘರ್ ಯೋಜನೆಯಡಿ ಹಾಕಿದ ವೆಂಡರ್ ಐದು ವರ್ಷ ನಿರ್ವಹಣೆ ಮಾಡಿಕೊಡಬೇಕು, ಇದನ್ನು ಒಪ್ಪಂದದಲ್ಲಿ ನೋಡಿಯೇ ಸಹಿ ಹಾಕಿ. ಕಂಪನಿಯ ಹೆಸರಿಗಿಂತ ಮೆಕ್ಯಾನಿಕ್ ಎಲ್ಲಿಯವನು ಅನ್ನುವುದಕ್ಕೇ ನಾನು ಬೆಲೆ ಕೊಡುವುದು. ಕೊಟ್ಟಿಗೆಹಾರದಲ್ಲಿರುವ ಮನೆಗೆ ಬೆಂಗಳೂರಿನಿಂದ ಸರ್ವಿಸ್ ಹುಡುಗ ಜುಲೈ ತಿಂಗಳಲ್ಲಿ ಬರುವುದು ಕಷ್ಟ. ನಿಮ್ಮ ತಾಲ್ಲೂಕಿನಲ್ಲೇ ಅದೇ ವೆಂಡರ್ ಹಾಕಿಕೊಟ್ಟ, ಕನಿಷ್ಠ ಎರಡು ಮಳೆಗಾಲ ಕಂಡ ಮನೆಯ ವಿಳಾಸ ಕೇಳಿ ತಗೊಳ್ಳಿ. ಅಲ್ಲಿಗೆ ಹೋಗಿ ಮನೆಯವರ ಹತ್ತಿರ ಕಳೆದ ಆಗಸ್ಟ್ ತಿಂಗಳಲ್ಲಿ ಎಷ್ಟು ಯೂನಿಟ್ ಬಂತು, ಕೆಟ್ಟಾಗ ಎಷ್ಟು ದಿನಕ್ಕೆ ಬಂದರು ಎಂದು ಕೇಳಿ. ಆ ವಿಳಾಸ ಕೊಡಲು ಹಿಂದೆಮುಂದೆ ನೋಡುವವರಿಗೆ ಅಡ್ವಾನ್ಸ್ ಕೊಡಬೇಡಿ.